ಸಿಗರೇಟ್ ಸೇದುವವನಾಗಿ ಈ ನಿಷೇಧವನ್ನು ಯಾಕೆ ಒಪ್ಪುತ್ತೇನೆ

ನೀವು ಕೇಳಿದ್ದು ಇಷ್ಟು: "ನಾನು ಸೇದುವುದಿಲ್ಲ. ಸೇದುವವರನ್ನೇ ಕೇಳೋಣ ಅನಿಸಿತು. ಸಾರ್ವಜನಿಕ ಜಾಗದಲ್ಲಿ ಧೂಮಪಾನ ನಿಷೇಧ, ಅದರ ಮೇಲೆ ಕರ್ನಾಟಕದಲ್ಲಿ ಈಗ ಸಾವಿರ ರೂಪಾಯಿವರೆಗೆ ದಂಡ. ನಿಮಗೆ ಇದು ಅನ್ಯಾಯ ಅನಿಸುವುದಿಲ್ಲವಾ? ಪಕ್ಕದಲ್ಲಿದ್ದವರು ಸೇದಬೇಡಿ ಅಂದರೆ ಸಿಟ್ಟು ಬರುತ್ತದಾ?"

ನಾನಿರುವುದು ಕಾರವಾರದಲ್ಲಿ. ಊರು ಶಿರಸಿ ಕಡೆ. ಕೆಲಸಕ್ಕೆ ಅಂತ ಘಟ್ಟ ಇಳಿದು ಬಂದವನು ಇಲ್ಲೇ ಉಳಿದೆ. ಕಾಲೇಜಿನ ದಿನಗಳಿಂದ ಸೇದುತ್ತಿದ್ದೇನೆ, ಈಗಲೂ ಬಿಟ್ಟಿಲ್ಲ. ನಿಷೇಧ ಇರಲೇಬೇಕು ಅನ್ನುವುದು ನನ್ನ ಉತ್ತರ. ಆದರೆ ಅದನ್ನು ಜಾರಿ ಮಾಡುವ ರೀತಿಯ ಬಗ್ಗೆ ನನಗೆ ದೊಡ್ಡ ತಕರಾರಿದೆ.

ನಮ್ಮಂಥವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ. ನನ್ನ ದುಡ್ಡು, ನನ್ನ ಎದೆ, ಹಾಳಾದರೆ ನಾನೇ ಹಾಳಾಗುತ್ತೇನೆ, ಸರ್ಕಾರಕ್ಕೇನು ಅಂತ. ಒಬ್ಬನೇ ಗದ್ದೆಯ ಅಂಚಿನಲ್ಲಿ ನಿಂತು ಸೇದುವವನಿಗೆ ಆ ಮಾತು ಸರಿ. ಕೋಣೆಯೊಳಗೆ ಅದು ನಡೆಯುವುದಿಲ್ಲ. ಸಿಗರೇಟ್ ಹಚ್ಚಿದ ಮೇಲೆ ನಾನು ಎಳೆಯುವುದು ಆಗೊಮ್ಮೆ ಈಗೊಮ್ಮೆ. ಉಳಿದ ಹೊತ್ತೆಲ್ಲ ಅದು ಬೆರಳ ಸಂದಿಯಲ್ಲಿ ಸುಮ್ನೆ ಉರಿಯುತ್ತಾ ಇರುತ್ತದೆ. ಕೋಣೆಯಲ್ಲಿ ತುಂಬಿಕೊಳ್ಳುವ ಹೊಗೆಯಲ್ಲಿ ಹೆಚ್ಚಿನದು ಆ ಉರಿಯುವ ತುದಿಯದ್ದೇ. ನಾನು ಎಳೆಯುವ ಹೊಗೆಯಾದರೂ ಫಿಲ್ಟರ್ ದಾಟಿ ಬರುತ್ತದೆ. ತುದಿಯಿಂದ ಏಳುವುದಕ್ಕೆ ಯಾವ ಫಿಲ್ಟರೂ ಇಲ್ಲ. ಪಕ್ಕದವರು ಕುಡಿಯುವುದು ಅದನ್ನು.

ಪಕ್ಕದವರು ಎದ್ದು ಹೋಗಬಹುದಲ್ಲ ಅಂತೀರಾ? ಗಿರಾಕಿಯಾಗಿ ಬಂದವರು ಹೋಗಬಹುದು. ಅಲ್ಲೇ ಕೆಲಸ ಮಾಡುವವರು ಎಲ್ಲಿಗೆ ಹೋಗುತ್ತಾರೆ?

ಈ ಪ್ರಶ್ನೆ ನನ್ನೊಳಗೆ ಗಟ್ಟಿಯಾಗಿ ಕೂತಿದ್ದು ಒಬ್ಬ ಸಪ್ಲೈಯರ್‌ನಿಂದ. ಈ ಕಡೆಯ ಒಂದು ಬಾರಿನಲ್ಲಿ ಕೆಲಸ ಮಾಡುತ್ತಿದ್ದ, ಅಂಕೋಲಾ ಕಡೆಯವನು. ಬೀಡಿಯನ್ನೂ ಮುಟ್ಟಿದವನಲ್ಲ. ಸಂಜೆ ಬಂದರೆ ಬಾಗಿಲು ಹಾಕುವ ತನಕ ನಮ್ಮ ಹೊಗೆಯ ಮಧ್ಯೆಯೇ ಓಡಾಟ. ಆಶ್‌ಟ್ರೇ ತಂದಿಡುವವನೂ ಅವನೇ, ತುಂಬಿದ್ದನ್ನು ಚೆಲ್ಲುವವನೂ ಅವನೇ. ಒಂದು ದಿನ ಗಿರಾಕಿ ಕಡಿಮೆ ಇದ್ದಾಗ ಮಾತಿಗೆ ನಿಂತ. "ಅಣ್ಣಾ, ಮನೆಗೆ ಹೋದ್ರೆ ಸ್ನಾನ ಮಾಡೋ ತನಕ ಮಗಳು ಹತ್ರ ಬರೂದಿಲ್ಲ. ನಿನ್ನ ಅಂಗಿ ವಾಸನೆ ಅಂತಾಳೆ" ಅಂದ. ದೂರುವ ದನಿಯೇನೂ ಇರಲಿಲ್ಲ. ಮಳೆ ಬಂತು ಅನ್ನುವ ಹಾಗೆ ಹೇಳಿದ. ಅವನಿಗೆ ಆ ಕೆಲಸ ಬೇಕಿತ್ತು. ಸೇದಬೇಡಿ ಅಂತ ಗಿರಾಕಿಗೆ ಹೇಳಿದರೆ ಟಿಪ್ಸ್ ಹೋಗುತ್ತದೆ, ಮಾಲೀಕರಿಗೆ ಹೇಳಿದರೆ ಕೆಲಸವೇ ಹೋಗಬಹುದು. ಅಂಥವನ ಪರವಾಗಿ ಯಾರಾದರೂ ಒಬ್ಬರು ಬೇಡ ಅನ್ನಬೇಕಲ್ಲ? ಆ ಒಬ್ಬರು ಕಾನೂನು. ನಾನು ನಿಷೇಧವನ್ನು ನೋಡುವುದೇ ಹೀಗೆ. ಎದ್ದು ಹೋಗಲು ಆಗದವರಿಗಾಗಿ ಇರುವ ಕಾನೂನು ಇದು.

ಬೇರೆ ದೇಶಗಳಲ್ಲೂ ಈ ವಾದವೇ ಗೆದ್ದಿದೆ. ಐರ್ಲೆಂಡ್ 2004ರ ಮಾರ್ಚ್‌ನಲ್ಲಿ ಪಬ್ ಸೇರಿ ಎಲ್ಲ ಒಳಾಂಗಣ ಕೆಲಸದ ಜಾಗಗಳಲ್ಲಿ ಸಿಗರೇಟ್ ನಿಲ್ಲಿಸಿತು. ಇಡೀ ದೇಶಕ್ಕೆ ಹೀಗೆ ಮಾಡಿದ್ದು ಅವರೇ ಮೊದಲು. ಪಬ್ಬಿನ ಕೆಲಸಗಾರರ ಆರೋಗ್ಯ ಅಂತಲೇ ಅಲ್ಲಿ ಕಾರಣ ಕೊಟ್ಟಿದ್ದು. ಆಮೇಲೆ ಸೇದದ ಬಾರ್ ಕೆಲಸಗಾರರ ಜೊಲ್ಲು ಪರೀಕ್ಷೆ ಮಾಡಿದರು. ನಿಕೋಟಿನ್ ಮೈಯೊಳಗೆ ಹೋದ ಮೇಲೆ ಉಳಿಯುವ ಕೊಟಿನಿನ್ ಅನ್ನುವ ಅಂಶ ಬಹಳ ಇಳಿದಿತ್ತು. ಕೆಮ್ಮು, ಕಫದ ತೊಂದರೆಯೂ ಕಡಿಮೆಯಾಗಿತ್ತು.

ನಮ್ಮಲ್ಲಿ ಈ ದಾರಿ ಶುರುವಾಗಿದ್ದು ಅದಕ್ಕೂ ಮುಂಚೆ. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು ತಡೆಯಬೇಕು ಎಂದು ತೀರ್ಪು ಕೊಟ್ಟಿತು. 2001ರಲ್ಲಿ ಕಾಂಗ್ರೆಸ್ ನಾಯಕ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ, ಕಚೇರಿ, ಕೋರ್ಟು, ಬಸ್ಸು, ರೈಲುಗಳಿಗೆ ಇಡೀ ದೇಶದಲ್ಲಿ ಅದನ್ನೇ ಹೇಳಿತು. ಸೇದದವನು ಇನ್ನೊಬ್ಬರ ಹೊಗೆಗೆ ಯಾಕೆ ಬಲಿಯಾಗಬೇಕು ಅನ್ನುವುದೇ ಅಲ್ಲಿನ ಪ್ರಶ್ನೆ. 2003ರಲ್ಲಿ ಸಿಗರೇಟ್ ಮತ್ತು ಇತರ ತಂಬಾಕು ಪದಾರ್ಥಗಳನ್ನು ನಿಯಂತ್ರಿಸುವ ಕೇಂದ್ರದ ಕಾಯ್ದೆ, ಕೋಟ್ಪಾ, ಬಂತು. 2008ರ ಅಕ್ಟೋಬರ್ 2ರಿಂದ ಹೋಟೆಲು, ಬಾರು, ಸಿನಿಮಾ ಟಾಕೀಸು, ಬಸ್ ನಿಲ್ದಾಣ, ಕೆಲಸದ ಜಾಗ ಎಲ್ಲವೂ ಸ್ಪಷ್ಟವಾಗಿ ಅದರೊಳಗೆ ಸೇರಿದವು.

ಇನ್ನು ನನ್ನ ತಕರಾರು. 2008ರ ನಿಯಮಗಳನ್ನು ಒಮ್ಮೆ ಓದಿ ನೋಡಿ. ಸೇದುವವನಿಗಿಂತ ಜಾಸ್ತಿ ಜವಾಬ್ದಾರಿ ಹೊರಿಸಿರುವುದು ಜಾಗದ ಮಾಲೀಕನ ಮೇಲೆ, ಮ್ಯಾನೇಜರ್ ಮೇಲೆ. ಬಾಗಿಲಲ್ಲಿ ಬೋರ್ಡ್ ಹಾಕಬೇಕು. ಮಹಡಿ ಇದ್ದರೆ ಪ್ರತಿ ಮಹಡಿಯಲ್ಲೂ ಇರಬೇಕು. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡುವ ಹಾಗಿಲ್ಲ. ಯಾರಾದರೂ ಸೇದಿದರೆ ಯಾರಿಗೆ ದೂರು ಕೊಡಬೇಕು ಎಂದು ಹೆಸರು ಬರೆದು ತೂಗುಹಾಕಬೇಕು. ದೂರು ಬಂದ ಮೇಲೂ ಅವರು ಸುಮ್ಮನಿದ್ದರೆ, ಅಲ್ಲಿ ಎಷ್ಟು ಜನ ಸೇದಿದರೋ ಅಷ್ಟು ಜನರ ದಂಡ ಅವರ ತಲೆ ಮೇಲೆ. ಎಷ್ಟು ಸರಿಯಾದ ನಿಯಮ ನೋಡಿ! ಮೇಜಿನ ಮೇಲೆ ಆಶ್‌ಟ್ರೇ ಇದ್ದರೆ ನನ್ನಂಥವನು ಹಚ್ಚುತ್ತಾನೆ. ಇಲ್ಲದಿದ್ದರೆ ಎದ್ದು ಹೊರಗೆ ಹೋಗುತ್ತಾನೆ. ಅದಕ್ಕೆ ಪೊಲೀಸರೂ ಬೇಕಿಲ್ಲ.

ಆದರೆ ನಾನು ಕಂಡಂತೆ ದಂಡ ಬೀಳುವುದು ಯಾರಿಗೆ? ಬಸ್ ನಿಲ್ದಾಣದ ಹೊರಗೆ ಬೀಡಿ ಹಚ್ಚಿದ ಮುದುಕನಿಗೆ. ಬಂದರಿನಲ್ಲಿ ಮೀನಿನ ಬುಟ್ಟಿ ಇಳಿಸಿ ಬಂದು ಗೂಡಂಗಡಿ ಪಕ್ಕ ನಿಂತ ಖಲಾಸಿಗೆ. ಅವರು ಕೈಗೆ ಸಿಗುತ್ತಾರೆ, ವಾದ ಮಾಡುವುದಿಲ್ಲ. ಒಳಗೆ ಏಸಿ ಹಾಕಿ, ಕಿಟಕಿ ಮುಚ್ಚಿ, ಮೇಜಿಗೊಂದು ಆಶ್‌ಟ್ರೇ ಇಟ್ಟ ಜಾಗಕ್ಕೆ ಯಾರೂ ಕಾಲಿಡುವುದಿಲ್ಲ. ಮೊದಲು ದಂಡ ಹೆಚ್ಚೆಂದರೆ 200 ರೂಪಾಯಿ ಇತ್ತು. 2025ರ ಮೇ ಕೊನೆಯಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದನ್ನು 1000 ರೂಪಾಯಿಗೆ ಏರಿಸಿದೆ. ಏರಿಸಿದ್ದಕ್ಕೆ ನನ್ನ ಬೇಸರ ಇಲ್ಲ. ಸಾವಿರ ರೂಪಾಯಿ ಕಾರಿನಲ್ಲಿ ಬಂದವನಿಗೆ ಒಂದು ಊಟದ ಬಿಲ್ಲು. ಖಲಾಸಿಗೆ ಅದು ಮನೆಗೆ ಒಯ್ಯಬೇಕಾದ ದಿನದ ದುಡಿಮೆ. ದಂಡ ಜೋರಾದಷ್ಟೂ ಅದು ಯಾರ ಮೇಲೆ ಬೀಳುತ್ತಿದೆ ಎಂದು ನೋಡಬೇಕಾಗುತ್ತದೆ. ಗಾಳಿ ಆಡುವ ಬಯಲಲ್ಲಿ ನಿಂತವನನ್ನು ಹಿಡಿದು, ಗಾಳಿ ಇಲ್ಲದ ಕೋಣೆಯನ್ನು ಬಿಟ್ಟರೆ ಆ ಸಪ್ಲೈಯರ್‌ಗೆ ಏನು ಸಿಕ್ಕಿತು?

ಸ್ಮೋಕಿಂಗ್ ರೂಮ್ ಬಗ್ಗೆಯೂ ಹೇಳಬೇಕು. 30 ಕೋಣೆ ಇರುವ ಹೋಟೆಲು, 30 ಜನ ಕೂರುವ ರೆಸ್ಟೋರೆಂಟು, ವಿಮಾನ ನಿಲ್ದಾಣ, ಇಲ್ಲಿ ಸೇದುವವರಿಗೆ ಬೇರೆ ಜಾಗ ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ನಾಲ್ಕೂ ಕಡೆ ಪೂರ್ತಿ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಹೊಗೆಯನ್ನು ಹೊರಗೆ ತಳ್ಳುವ ವ್ಯವಸ್ಥೆ ಇರಬೇಕು. 2017ರಲ್ಲಿ ಇನ್ನೊಂದು ಮಾತು ಸೇರಿಸಿದರು, ಆ ಕೋಣೆಯಲ್ಲಿ ಯಾವ ಸರ್ವಿಸೂ ಕೊಡುವಂತಿಲ್ಲ ಎಂದು. ತಿಂಡಿ ಇಲ್ಲ, ಕುಡಿಯುವುದು ಇಲ್ಲ. ನನ್ನ ಗೆಳೆಯರು ಇದಕ್ಕೆ ಬಹಳ ಗೊಣಗಿದರು. ನನಗೆ ಮಾತ್ರ ಇಡೀ ನಿಯಮದಲ್ಲಿ ಹೆಚ್ಚು ಇಷ್ಟವಾದ ಸಾಲು ಅದೇ. ಸರ್ವಿಸ್ ಇಲ್ಲ ಅಂದರೆ ಸಪ್ಲೈಯರ್ ಒಳಗೆ ಬರಬೇಕಾಗಿಲ್ಲ ಅಲ್ವಾ? ಬರೀ ಪರದೆ ಎಳೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, "ಇದೇ ಸ್ಮೋಕಿಂಗ್ ಝೋನ್" ಅನ್ನುವ ಕಡೆ ಈ ನಿಯಮದ ಒಂದು ಅಂಶವೂ ಇರುವುದಿಲ್ಲ.

ಬಸ್ಸಿನ ವಿಷಯದಲ್ಲಿ ಬದಲಾವಣೆ ನಿಜಕ್ಕೂ ಆಗಿದೆ. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಮೊದಲು ಶಿರಸಿಯಿಂದ ಕುಮಟಾಕ್ಕೆ ಮಳೆಗಾಲದಲ್ಲಿ ಬರುವುದೆಂದರೆ, ದೇವಿಮನೆ ಘಟ್ಟದ ತಿರುವುಗಳಲ್ಲಿ ಕಿಟಕಿಯ ಶಟರ್ ಎಲ್ಲ ಕೆಳಗೆ, ಒಳಗೆ ಒದ್ದೆ ಕೊಡೆ, ಒದ್ದೆ ಜನ, ಜೊತೆಗೆ ಹಿಂದಿನ ಸೀಟಿನಿಂದ ಬೀಡಿ ಹೊಗೆ. ಮಕ್ಕಳು ವಾಂತಿ ಮಾಡಿಕೊಳ್ಳುತ್ತಿದ್ದರು. ತಾಯಂದಿರು ಸೆರಗಿನಿಂದ ಮಗುವಿನ ಮೂಗು ಮುಚ್ಚುತ್ತಿದ್ದರು. "ಧೂಮಪಾನ ನಿಷೇಧಿಸಲಾಗಿದೆ" ಅನ್ನುವ ಬರಹ ಆಗಲೂ ಇತ್ತು, ಕೇಳುವವರಿರಲಿಲ್ಲ. ಈಗ ಬಸ್ಸಿನೊಳಗೆ ಯಾರಾದರೂ ಹಚ್ಚಿದರೆ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಜನ ಎದ್ದು ನಿಲ್ಲುತ್ತಾರೆ. ಪೊಲೀಸರು ದಿನವೂ ಬಸ್ಸು ಹತ್ತಿ ಮಾಡಿದ ಕೆಲಸ ಅಲ್ಲ ಇದು. ಕೇಳುವ ಹಕ್ಕು ತಮಗಿದೆ ಎಂದು ಜನಕ್ಕೆ ಗೊತ್ತಾಯಿತು.

ಹಾಗಂತ ಮಳೆಗಾಲದ ತೊಂದರೆ ಪೂರ್ತಿ ಹೋಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಜಿಲ್ಲೆಯಲ್ಲಿ "ಹೊರಗೆ ಹೋಗಿ ಸೇದಿ" ಅಂದರೆ ಹೊರಗೆ ಅನ್ನುವ ಜಾಗವೇ ಇರುವುದಿಲ್ಲ. ಸೇದುವವರೆಲ್ಲ ಬಸ್ ನಿಲ್ದಾಣದ ಮಾಡಿನ ಅಂಚಿಗೆ ಬಂದು ನಿಲ್ಲುತ್ತಾರೆ. ಗಾಳಿ ಸಮುದ್ರದ ಕಡೆಯಿಂದ. ಹೊಗೆ ಸೀದಾ ಒಳಗೆ, ಬೆಂಚಿನ ಮೇಲೆ ಕೂತವರ ಮುಖಕ್ಕೆ. ಕಾನೂನಿನ ಪ್ರಕಾರವೂ ಬಸ್ ನಿಲ್ದಾಣ ಬಯಲು ಜಾಗ ಅಲ್ಲ, ನಿಷೇಧ ಅಲ್ಲಿಗೂ ಅನ್ವಯಿಸುತ್ತದೆ. ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಗಾಳಿ ಹೋಗುವ ದಿಕ್ಕು ನೋಡಿ, ನಾಲ್ಕು ತಗಡು ಹೊದಿಸಿ ಒಂದು ಮಾಡು ಕಟ್ಟಿದರೆ ಸಾಕು. ಸೇದುವವರಿಗೆ ಸೌಲಭ್ಯ ಯಾಕೆ ಅಂತ ಕೆಲವರು ಕೇಳುತ್ತಾರೆ. ಸೌಲಭ್ಯ ಆಗುವುದು ಬೆಂಚಿನ ಮೇಲೆ ಕೂತವರಿಗೆ.

ಕಡಲತೀರದ ಮಾತು ಬೇರೆ. ಬಯಲು ಜಾಗವನ್ನು ಕೋಟ್ಪಾ ಹೊರಗಿಟ್ಟಿದೆ. ಟಾಗೋರ್ ಬೀಚಿನಲ್ಲಿ ಸಂಜೆ ಜನರಿಂದ ದೂರ ನಿಂತು ಸೇದುವವನ ಹೊಗೆ ಯಾರನ್ನೂ ಮುಟ್ಟುವುದಿಲ್ಲ. ಅಲ್ಲಿ ತೊಂದರೆ ಮಾಡುವುದು ಸೇದಿ ಎಸೆದ ಸಿಗರೇಟಿನ ತುಂಡು. ಸಿಗರೇಟಿನ ಫಿಲ್ಟರ್ ಹತ್ತಿ ಅಂತ ಬಹಳ ಜನ ತಿಳಿದಿದ್ದಾರೆ. ಅದು ಸೆಲ್ಯುಲೋಸ್ ಅಸಿಟೇಟ್, ಒಂದು ಥರದ ಪ್ಲಾಸ್ಟಿಕ್. ಮರಳಲ್ಲಿ ಹೂತರೆ ಕರಗುವುದಿಲ್ಲ. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕಿತು, ಅದು ನಮ್ಮ ಜಿಲ್ಲೆಗೆ ಹೆಮ್ಮೆ. ಅಂಥ ಮರಳಿನಲ್ಲಿ ತುಂಡು ಹೊಸಕಿ ಹೋಗುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ನಾನು ಒಂದು ಸಣ್ಣ ಡಬ್ಬಿ ಇಟ್ಟುಕೊಂಡಿದ್ದೇನೆ, ತುಂಡು ಅದರೊಳಗೆ ಹಾಕಿ ಮನೆಗೆ ತರುತ್ತೇನೆ.

ಹೊಸ ತಿದ್ದುಪಡಿಯಲ್ಲಿ ತಂಬಾಕು ಉಗುಳುವುದಕ್ಕೂ ಇದೇ ದಂಡ ಇದೆ. ಘಟ್ಟದ ಮೇಲೆ ಕವಳ, ಅಂದರೆ ತಂಬಾಕು ಸೇರಿಸಿದ ಎಲೆ-ಅಡಿಕೆ, ಹಾಕುವವರು ಎಷ್ಟು ಜನ ಅಂತ ನಿಮಗೂ ಗೊತ್ತಿರಬಹುದು. ಕವಳ ಕೊಟ್ಟು ಉಪಚಾರ ಮಾಡುವ ಊರು ನಮ್ಮದು, ಅದರ ಮೇಲೆ ನನಗೆ ಪ್ರೀತಿಯೂ ಇದೆ. ಆದರೆ ಆಸ್ಪತ್ರೆಯ ಮೆಟ್ಟಿಲ ಮೂಲೆಯಲ್ಲಿ ಉಗುಳಿದ ಕೆಂಪನ್ನು ಉಜ್ಜುವುದೂ ಎದ್ದು ಹೋಗಲು ಆಗದ ಒಬ್ಬ ಹೆಂಗಸೇ.

ಕಾನೂನು ಮುಟ್ಟದ ಒಂದು ಜಾಗ ಇದೆ, ಮನೆ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಮನೆಯೊಳಗೆ ಇನ್ನೊಬ್ಬರ ಹೊಗೆ ಕುಡಿಯುವ ವಯಸ್ಕರು ನೂರಕ್ಕೆ 38.7. ಒಳಗೆ ಕೂತು ಕೆಲಸ ಮಾಡುವವರಲ್ಲಿ ಕೆಲಸದ ಜಾಗದಲ್ಲಿ ಕುಡಿಯುವವರು 30.2. ರೆಸ್ಟೋರೆಂಟುಗಳಲ್ಲಿ 7.4. ಈ ಅಂಕಿ ನೋಡಿದಾಗಿನಿಂದ ನನಗೆ ಅನಿಸುವುದು, ಹೊರಗಿನ ಬೋರ್ಡಿಗೆ ತಲೆಬಾಗಿ ಬಂದು ಮನೆಯ ಜಗಲಿಯಲ್ಲಿ ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಹಚ್ಚುವುದಕ್ಕಿಂತ ಕ್ರೂರವಾದದ್ದು ಇಲ್ಲ. ನಮ್ಮ ಮನೆಯಲ್ಲಿ ಒಳಗೆ ಸೇದುವಂತಿಲ್ಲ. ಬಂದ ನೆಂಟರಿಗೂ ಇದೇ ನಿಯಮ. ಒಬ್ಬಿಬ್ಬರು ಮುನಿಸಿಕೊಂಡರು, ಮುನಿಸಿಕೊಳ್ಳಲಿ.

ನಿಷೇಧದಿಂದ ಸೇದುವವರಿಗೂ ಲಾಭ ಇದೆ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವರದಿ ಬಂದಿತ್ತು. ಕೆಲಸದ ಜಾಗ ಪೂರ್ತಿ ಹೊಗೆಮುಕ್ತ ಆದರೆ, ಬಿಡದೆ ಮುಂದುವರಿಸುವವರೂ ದಿನಕ್ಕೆ ಸುಮಾರು ಮೂರು ಸಿಗರೇಟ್ ಕಡಿಮೆ ಸೇದುತ್ತಾರೆ ಅನ್ನುವುದು ಅದರ ಸಾರ. ನನ್ನ ಅನುಭವವೂ ಅದೇ. ಮೆಟ್ಟಿಲಿಳಿದು ಹೊರಗೆ ಹೋಗಬೇಕು ಅಂದಾಗ ಎಷ್ಟೋ ಸಲ ಬೇಡ ಬಿಡು ಅನಿಸುತ್ತದೆ. ಪೂರ್ತಿ ಬಿಡಬೇಕು ಅನ್ನುವವರಿಗೆ 1800-11-2356 ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಬೇಡ ಅಂದರೆ ನನಗೆ ಸಿಟ್ಟು ಬರುವುದಿಲ್ಲ. ನೀವು ಕೇಳಿ, ಖಂಡಿತ ಕೇಳಿ. "ಸ್ವಲ್ಪ ಆಚೆ ಹೋಗಿ ಸೇದ್ತೀರಾ, ಹೊಗೆ ಬರ್ತಾ ಇದೆ" ಅಂದರೆ ನನಗೆ ಗೊತ್ತಿರುವ ಸೇದುವವರಲ್ಲಿ ಹೆಚ್ಚಿನವರು ಎದ್ದು ಹೋಗುತ್ತಾರೆ. ಮೂಗು ಮುಚ್ಚಿಕೊಂಡು ದುರುಗುಟ್ಟಿ ನೋಡಿದರೆ ಅರ್ಧ ಜನಕ್ಕೆ ಅದು ತಿಳಿಯುವುದೇ ಇಲ್ಲ. ಹೋಟೆಲು, ಬಾರುಗಳಲ್ಲಾದರೆ ಸೇದುವವನ ಜೊತೆ ಜಗಳಕ್ಕೆ ಹೋಗಬೇಡಿ, ಸಪ್ಲೈಯರ್ ಮೇಲೂ ರೇಗಬೇಡಿ. ಸೀದಾ ಗಲ್ಲಾದಲ್ಲಿ ಕೂತವರ ಹತ್ತಿರ ಹೋಗಿ. ದೂರು ಯಾರಿಗೆ ಕೊಡಬೇಕು, ಹೆಸರು ಬರೆದ ಬೋರ್ಡ್ ಎಲ್ಲಿದೆ ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿ. ಮೇಜಿನ ಮೇಲಿನ ಆಶ್‌ಟ್ರೇ ಎತ್ತಿಕೊಂಡು ಹೋಗಿ ಅವರ ಮುಂದೆಯೇ ಇಡಿ.