ಮಳೆ ಅಷ್ಟೇ, ಹುಲ್ಲು ಮಾತ್ರ ಕಡಿಮೆ ಏಕೆ?

ಒಟ್ಟು ಮಳೆ ಕಳೆದ ವರ್ಷದಷ್ಟೇ ಆಗಿದ್ದರೂ ಕಾವಲಿನಲ್ಲಿ ಹುಲ್ಲು ಏಕೆ ಎದ್ದಿಲ್ಲ ಎಂದು ಕೇಳಿದ್ದೀರಿ. ಮಿಲಿಮೀಟರ್ ಲೆಕ್ಕ ಬದಿಗಿಡಿ, ಎರಡು ಮಳೆಗಳ ನಡುವೆ ಎಷ್ಟು ದಿನ ಬಿಡುವಿತ್ತು ನೋಡಿ. ಅಮೆರಿಕದ ಕ್ಯಾನ್ಸಸ್‌ನ ಕೊಂಜಾ ಹುಲ್ಲುಗಾವಲಿನಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಚಾವಣಿ ಹಾಕಿ ಮಳೆನೀರು ಹಿಡಿದಿಟ್ಟು, ಅಷ್ಟೇ ನೀರನ್ನು ಅಪರೂಪಕ್ಕೆ, ಆದರೆ ಒಮ್ಮೆಲೇ ಹೆಚ್ಚಾಗಿ ಸುರಿದರು. ಬಿಡುವು ಶೇ. 50ರಷ್ಟು ಹಿಗ್ಗಿದಾಗ ನೆಲದ ಮೇಲಿನ ಬೆಳವಣಿಗೆ ಸುಮಾರು ಶೇ. 10ರಷ್ಟು ಕುಗ್ಗಿತು. ಬೇರು ದಟ್ಟವಾಗಿರುವ ಮೇಲ್ಪದರ ನಡುನಡುವೆ ಒಣಗಿಬಿಡುತ್ತದೆ, ಅದೇ ಪೆಟ್ಟು.

ಕೊಲೊರಾಡೊದ ಒಣ ಹುಲ್ಲುಗಾವಲಿನಲ್ಲಿ ಮಾತ್ರ ತದ್ವಿರುದ್ಧ! ಅಲ್ಲಿ ತುಂತುರು ಬಿಸಿಲಿಗೇ ಆರಿಹೋಗುತ್ತದೆ. ದೊಡ್ಡ ಮಳೆಯೇ ಆಳಕ್ಕಿಳಿದು ಹುಲ್ಲನ್ನು ಎಬ್ಬಿಸುತ್ತದೆ. ನಿಮ್ಮ ಕಾವಲಿನ ಮಣ್ಣಲ್ಲಿ ತೇವ ಉಳಿಯುತ್ತದೆಯೇ ಎಂದು ತಿಳಿಯಲು, ಮುಂದಿನ ಮಳೆಯಾಗಿ ವಾರ ಕಳೆದ ಮೇಲೆ ಗೇಣುದ್ದ ಅಗೆದು, ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟುತ್ತದೆಯೇ ತಿಳಿಸಿ.