ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಸೋದರಳಿಯನ ಹೆಸರು: ಓದುಗರ ಮೂರು ಪ್ರಶ್ನೆಗಳು

ಪ್ರಶ್ನೆ: ಡೊಂಬಿವಲಿಯಲ್ಲಿರುವ ನಮ್ಮ ಕನ್ನಡ ಸಂಘದ ವಿದ್ಯಾನಿಧಿಗೆ ಕಳೆದ ವರ್ಷದಿಂದ ನಾನು ಕಾರ್ಯದರ್ಶಿ. ನಿಧಿಯ ಇಡಗಂಟು 20 ಲಕ್ಷ ರೂಪಾಯಿ. ಬ್ಯಾಂಕಿನ ಬಡ್ಡಿಯಲ್ಲಿ ಪ್ರತಿ ಡಿಸೆಂಬರಿನ ವಾರ್ಷಿಕೋತ್ಸವದಂದು 55 ಮಕ್ಕಳಿಗೆ ತಲಾ 2,500 ರೂಪಾಯಿ ಕೊಡುತ್ತೇವೆ. ಈ ಸಲ ಕಾರ್ಯಕಾರಿ ಸಮಿತಿಯ ಸದಸ್ಯರೊಬ್ಬರ ಸೋದರಳಿಯನ ಹೆಸರು ಪಟ್ಟಿಯಲ್ಲಿದೆಯೆಂದು ಮಹಾಸಭೆಯಲ್ಲಿ ಗಲಾಟೆಯಾಯಿತು. ಹುಡುಗ ನಿಜಕ್ಕೂ ಬಡವ. ಮುಂದಿನ ವರ್ಷ ಯಾರೂ ಬೆರಳು ತೋರಿಸದಂತೆ ಆಯ್ಕೆ ನಡೆಸುವುದು ಹೇಗೆ?

ಉತ್ತರ: ಹುಡುಗ ಬಡವನೇ ಇರಬಹುದು. ಆದರೆ ಸಭೆ ಸಿಟ್ಟಾದದ್ದು ಅವನ ಮೇಲಲ್ಲ. ಅವನು ಆಯ್ಕೆಯಾದದ್ದು ಹೇಗೆಂದು ತೋರಿಸಲು ನಿಮ್ಮ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲವೆಂಬುದರ ಮೇಲೆ. ಮುಂಬಯಿಯ ಟ್ರಸ್ಟುಗಳ ಲೆಕ್ಕ ತಪಾಸಣೆಯಲ್ಲೇ ಹೆಚ್ಚಿನ ವೃತ್ತಿಜೀವನ ಕಳೆದ ನನಗೆ ಕಂಡಿರುವಂತೆ, ಇಂಥ ಜಗಳಗಳಲ್ಲಿ ಹಣ ತಿಂದವರು ಸಿಗುವುದು ಅಪರೂಪ, ನಿಯಮ ಬರೆದಿಡದವರೇ ಹೆಚ್ಚು. ಆದ್ದರಿಂದ ಮೊದಲ ಕೆಲಸ, ಅರ್ಜಿಗಳು ಬರುವುದಕ್ಕೆ ಮುಂಚೆಯೇ, ಅಂದರೆ ಯಾರ ಮಗ ಎಷ್ಟು ಅಂಕ ಪಡೆದನೆಂದು ಯಾರಿಗೂ ಗೊತ್ತಿಲ್ಲದ ಫೆಬ್ರುವರಿ ತಿಂಗಳಲ್ಲೇ, ಆಯ್ಕೆಯ ಕ್ರಮವನ್ನು ಠರಾವಿನ ರೂಪದಲ್ಲಿ ಬರೆದು ನಡಾವಳಿ ಪುಸ್ತಕಕ್ಕೆ ಸೇರಿಸುವುದು. ಮೇ ತಿಂಗಳಲ್ಲಿ ಹತ್ತನೆಯ ತರಗತಿಯ ಎಸ್‌ಎಸ್‌ಸಿ ಫಲಿತಾಂಶ ಬಂದ ಮೇಲೆ ಬರೆದ ನಿಯಮ ಎಷ್ಟೇ ಒಳ್ಳೆಯದಿರಲಿ, ಅದು ಯಾರನ್ನೋ ಕಣ್ಣ ಮುಂದಿಟ್ಟುಕೊಂಡು ಬರೆದದ್ದೆಂಬ ಮಾತು ತಪ್ಪುವುದಿಲ್ಲ.

ಇನ್ನು ಸೋದರಳಿಯನ ವಿಷಯ. ನಮ್ಮ ಸಂಘಗಳಲ್ಲಿ ಊರಿನ ಕಡೆಯ ಲೆಕ್ಕ ಹಿಡಿದು ಕುಳಿತರೆ ಎಲ್ಲರೂ ಎಲ್ಲರಿಗೂ ನೆಂಟರೇ, ಮತ್ತು ಅಳಿಯಸಂತಾನದ ಮನೆಗಳಲ್ಲಿ ಸೋದರಳಿಯನೆಂದರೆ ಮಗನಿಗಿಂತ ಒಂದು ಕೈ ಮೇಲೆ. ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಟ್ರಸ್ಟಿನ ಆದಾಯ ಅಥವಾ ಆಸ್ತಿಯ ಪ್ರಯೋಜನ ವಿಶ್ವಸ್ತರಿಗೆ, ಆಡಳಿತ ನೋಡುವವರಿಗೆ, ದೊಡ್ಡ ದಾನಿಗಳಿಗೆ ಅಥವಾ ಅವರ ಬಂಧುಗಳಿಗೆ ಸಂದರೆ ತೆರಿಗೆ ವಿನಾಯಿತಿಗೆ ಕುತ್ತು ಬರುತ್ತದೆ; ಆದಾಯ ತೆರಿಗೆ ಕಾನೂನಿನ ‘ಬಂಧು’ ಎಂಬ ವ್ಯಾಖ್ಯೆಯೊಳಗೆ ಅಣ್ಣ ತಮ್ಮ ಅಕ್ಕ ತಂಗಿಯರ ಮಕ್ಕಳೂ ಬರುತ್ತಾರೆ. ಹೀಗಾಗಿ ಸಮಿತಿಯಲ್ಲಿರುವವರ ಮಕ್ಕಳು, ಮೊಮ್ಮಕ್ಕಳು, ಸೋದರ ಸೋದರಿಯರ ಮಕ್ಕಳು ಆ ಅವಧಿಯಲ್ಲಿ ಅರ್ಜಿ ಹಾಕುವಂತಿಲ್ಲವೆಂದು ಖಡಾಖಂಡಿತವಾಗಿ ಬರೆಯಿರಿ. ಆ ಹುಡುಗನಿಗೆ ಸಹಾಯ ಬೇಕೇ ಬೇಕೆಂದಿದ್ದರೆ ಇನ್ನೊಂದು ಸಂಸ್ಥೆಗೆ ಅರ್ಜಿ ಹಾಕಿಸಬಹುದು, ಇಲ್ಲವೇ ಮಾವನವರು ಸಮಿತಿಯಿಂದ ಇಳಿಯಬಹುದು. ಅದಕ್ಕಿಂತ ದೂರದ ನೆಂಟಸ್ತಿಕೆ, ನೆರೆಹೊರೆ, ಒಂದೇ ಊರಿನ ಪರಿಚಯ ಇದ್ದಲ್ಲಿ ಆ ಸದಸ್ಯರು ಅದನ್ನು ಬಾಯಿಬಿಟ್ಟು ಹೇಳಿ, ಆ ಅರ್ಜಿಯ ಮಟ್ಟಿಗೆ ಕೋಣೆಯಿಂದ ಹೊರಗೆ ಹೋಗಬೇಕು ಮತ್ತು ಹಾಗೆ ಹೊರಗೆ ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು.

ಅಂಕ ಕೊಡುವ ಕೆಲಸವನ್ನು ಮೂವರಿಗೆ ವಹಿಸಿ, ಅವರಲ್ಲಿ ಒಬ್ಬರಾದರೂ ಸಂಘದ ಹೊರಗಿನವರಾಗಿರಲಿ. ನಿವೃತ್ತ ಮುಖ್ಯೋಪಾಧ್ಯಾಯರು ಸಿಕ್ಕರೆ ಉತ್ತಮ. ಕಚೇರಿಯವರು ಅರ್ಜಿಗೆ ಕ್ರಮಸಂಖ್ಯೆ ಹಾಕಿ, ಹೆಸರು, ಅಡ್ಡಹೆಸರು, ಊರು ಇರುವ ಮೊದಲ ಪುಟವನ್ನು ತೆಗೆದಿಟ್ಟು, ಉಳಿದ ಪುಟಗಳನ್ನಷ್ಟೇ ಆ ಮೂವರಿಗೆ ಕೊಡಲಿ. ಮೂವರೂ ಬೇರೆ ಬೇರೆಯಾಗಿ ಅಂಕ ಹಾಕಿದ ಮೇಲಷ್ಟೇ ಒಟ್ಟಿಗೆ ಕೂರಬೇಕು. ಮೊದಲೇ ಚಹಾ ಕುಡಿಯುತ್ತಾ ಚರ್ಚಿಸಿದರೆ ದೊಡ್ಡ ಗಂಟಲಿನವರ ಅಭಿಪ್ರಾಯವೇ ಮೂವರ ಅಭಿಪ್ರಾಯವಾಗುತ್ತದೆ. ನೂರರಲ್ಲಿ 50 ಅಂಕ ಮನೆಯ ಕಷ್ಟಕ್ಕೆ, 30 ಓದಿಗೆ, ಉಳಿದ 20 ವಿಶೇಷ ಪರಿಸ್ಥಿತಿಗೆ ಎಂಬ ಹಂಚಿಕೆಯನ್ನು ನಾನು ಸೂಚಿಸುತ್ತೇನೆ. ತಂದೆ ಇಲ್ಲದಿರುವುದು, ಅಂಗವೈಕಲ್ಯ, ಮನೆಯಲ್ಲಿ ದೀರ್ಘಕಾಲದ ಕಾಯಿಲೆ, ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ಮೊದಲ ತಲೆಮಾರು ಇತ್ಯಾದಿ ಈ ಕೊನೆಯ ಭಾಗಕ್ಕೆ ಸೇರುತ್ತವೆ. ನಿಮ್ಮ ಸಂಘದ ಉದ್ದೇಶ ಬೇರೆಯಿದ್ದರೆ ಹಂಚಿಕೆಯೂ ಬೇರೆಯಾಗಲಿ, ಆದರೆ ಅದು ಅರ್ಜಿ ನಮೂನೆಯ ಮೇಲೆಯೇ ಅಚ್ಚಾಗಿರಲಿ.

ಕಷ್ಟವನ್ನು ಅಳೆಯುವುದೇ ಎಲ್ಲಕ್ಕಿಂತ ತೊಡಕಿನ ಕೆಲಸ. ತಹಸೀಲ್ದಾರರ ಆದಾಯ ಪ್ರಮಾಣಪತ್ರವನ್ನು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಆದರೆ ಸಂಬಳದಾರನ ಆದಾಯ ಪೈಸೆ ಸಹಿತ ಕಾಗದದ ಮೇಲಿರುತ್ತದೆ, ಅವನಿಗಿಂತ ಹೆಚ್ಚು ಗಳಿಸುವ ಅಂಗಡಿಯವನ ಆದಾಯ ಅವನು ಹೇಳಿದಷ್ಟೇ ಇರುತ್ತದೆ. ಮಹಾರಾಷ್ಟ್ರದ ರೇಷನ್ ಕಾರ್ಡಿನಲ್ಲಿ ಹಳದಿ, ಕೇಸರಿ, ಬಿಳಿ ಎಂಬ ಬಣ್ಣಗಳಿವೆ, ಅವೂ ಸುಳಿವು ಕೊಡುತ್ತವೆ. ಆದರೆ ಬಾಡಿಗೆಗಿರುವ ಎಷ್ಟೋ ಕುಟುಂಬಗಳ ಕಾರ್ಡು ಇನ್ನೂ ಊರಲ್ಲೇ ಇರುತ್ತದೆ. ಹಾಗಾಗಿ ಒಂದೇ ಕಾಗದವನ್ನು ನಂಬದೆ, ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಕಾಲೇಜಿನ ಶುಲ್ಕದ ರಸೀದಿ, ಮನೆಯಲ್ಲಿ ದುಡಿಯುವವರೆಷ್ಟು ಉಣ್ಣುವವರೆಷ್ಟು ಎಂಬುದನ್ನು ಒಟ್ಟಾಗಿ ನೋಡಬೇಕು. ಕೊನೆಯ ಹಂತಕ್ಕೆ ಬಂದ ಅರ್ಜಿಗಳಿಗೆ ಮನೆಭೇಟಿ ಒಳ್ಳೆಯದು, ಆದರೆ ಹೋಗುವವರಿಗೆ ನೋಡುವುದು ಗೊತ್ತಿರಬೇಕು. ಘಾಟಕೋಪರದ ಚಾಳೊಂದಕ್ಕೆ ಹೋಗಿಬಂದ ಇಬ್ಬರು ಸ್ವಯಂಸೇವಕರು ಒಮ್ಮೆ ‘ಮನೆಯಲ್ಲಿ ದೊಡ್ಡ ಫ್ರಿಜ್ ಇದೆ, ಅನುಕೂಲಸ್ಥರು’ ಎಂದು ಬರೆದುಕೊಂಡು ಬಂದಿದ್ದರು. ಫ್ರಿಜ್ಜಿನೊಳಗೆ ಏನಿತ್ತೆಂದು ಕೇಳಿದೆ. ನಾಲ್ಕು ಸ್ಟೀಲ್ ಡಬ್ಬಿ ತುಂಬ ಇಡ್ಲಿ ಹಿಟ್ಟು. ತಾಯಿ ನಸುಕಿಗೆ ಎದ್ದು ಇಡ್ಲಿ ಬೇಯಿಸಿ, ಮಗ ಕಾಲೇಜಿಗೆ ಹೋಗುವ ಮುಂಚೆ ಸ್ಟೇಷನ್ ರಸ್ತೆಯಲ್ಲಿ ಅದನ್ನು ಮಾರಿಬರುತ್ತಿದ್ದ. ಕಂತಿನಲ್ಲಿ ಕೊಂಡ ಆ ಹಳೆಯ ಫ್ರಿಜ್ ಅವರ ಅನುಕೂಲವಲ್ಲ, ಅನ್ನದ ದಾರಿ. ಅಂದಿನಿಂದ ಮನೆಭೇಟಿಯ ನಮೂನೆಯಲ್ಲಿ ‘ವಸ್ತು ಇದೆಯೇ’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಯಾತಕ್ಕೆ ಬಳಕೆ’ ಎಂಬ ಕಾಲಂ ಸೇರಿಸಿದ್ದೇವೆ.

ಓದಿನ ಅಂಕದಲ್ಲೂ ಎಚ್ಚರ ಬೇಕು. ಎಸ್‌ಎಸ್‌ಸಿ, ಸಿಬಿಎಸ್‌ಇ, ಐಸಿಎಸ್‌ಇ ಶೇಕಡಾವಾರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆಯಾ ಮಂಡಳಿಯ ಅರ್ಜಿದಾರರನ್ನು ಅವರವರೊಳಗೇ ಹೋಲಿಸಿ. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿಯನ್ನೂ ಖಾಸಗಿ ಇಂಗ್ಲಿಷ್ ಶಾಲೆಯವಳನ್ನೂ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಶೇಕಡಾ 58 ಪಡೆದವನನ್ನೂ ‘ಕನಿಷ್ಠ 75’ ಎಂಬ ಒಂದೇ ಹೊಸ್ತಿಲು ದಾಟಿಸಲು ಹೊರಟರೆ, ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳಿಂದಲೇ ಮೇಲೆ ಬಂದ ಚರಿತ್ರೆಗೆ ನಾವೇ ಬೆನ್ನು ತಿರುಗಿಸಿದಂತೆ.

ಈಗ ನೀವು ಕೇಳದ ಒಂದು ಮಾತು. ನಿಮ್ಮ ಬಡ್ಡಿ ಶೇಕಡಾ 7ರಂತೆ ವರ್ಷಕ್ಕೆ 1,40,000 ರೂಪಾಯಿ ಎಂದು ಹಿಡಿಯೋಣ. ಅದನ್ನು 55 ಜನಕ್ಕೆ ಹಂಚಿದರೆ ವೇದಿಕೆ ತುಂಬುತ್ತದೆ, ಆದರೆ 2,500 ರೂಪಾಯಿಯಲ್ಲಿ ಯಾರ ಶುಲ್ಕವೂ ತುಂಬುವುದಿಲ್ಲ. ಒಬ್ಬರಿಗೆ 12,000 ಕೊಡುವುದಾದರೆ 11 ಮಕ್ಕಳಿಗೆ ಸಾಕಾಗುತ್ತದೆ, 8,000 ಉಳಿಯುತ್ತದೆ. ಮೂರು ವರ್ಷದ ಪದವಿ ಮುಗಿಯುವ ತನಕ ಕೈಬಿಡುವುದಿಲ್ಲವೆಂದು ನಿರ್ಧರಿಸಿದರೆ ವರ್ಷಕ್ಕೆ ಹೊಸಬರು ಮೂವರು ಅಥವಾ ನಾಲ್ವರು ಮಾತ್ರ. ‘ಇಷ್ಟೇನಾ’ ಎಂದು ದಾನಿಗಳು ಮೂಗು ಮುರಿಯುವುದು ಖಂಡಿತ. ನಾನಾದರೂ ಈ ಎರಡನೆಯ ದಾರಿಯ ಪರವೇ. ಮೊದಲ ವರ್ಷ ಹಣ ಪಡೆದು ಎರಡನೆಯ ವರ್ಷ ಓದು ಬಿಟ್ಟ ಹುಡುಗನಿಗೆ ಆ ಶಾಲು, ಹಾರ, ಫೋಟೋ ಯಾವುದರಿಂದಲೂ ಪ್ರಯೋಜನವಾಗಿರುವುದಿಲ್ಲ. ಹಣ ಸಿಗುವ ಕಾಲವೂ ಅಷ್ಟೇ ಮುಖ್ಯ: ಶುಲ್ಕ ಕಟ್ಟುವುದು ಜೂನ್-ಜುಲೈಯಲ್ಲಿ, ನೀವು ಕೊಡುವುದು ಡಿಸೆಂಬರಿನಲ್ಲಿ, ನಡುವಿನ ಆರು ತಿಂಗಳು ತಂದೆ ಬಡ್ಡಿ ಕಟ್ಟುತ್ತಾನೆ. ಹಣವನ್ನು ಜುಲೈಯಲ್ಲೇ ಬ್ಯಾಂಕ್ ಮೂಲಕ ವಿದ್ಯಾರ್ಥಿಯ ಖಾತೆಗೆ ಅಥವಾ ನೇರವಾಗಿ ಕಾಲೇಜಿಗೆ ಕಳುಹಿಸಿ, ಸಮಾರಂಭವನ್ನು ಡಿಸೆಂಬರಿನಲ್ಲೇ ಮಾಡಿ. ವೇದಿಕೆಗೆ ಬರುವುದು ಕಡ್ಡಾಯವಾಗದಿರಲಿ. ಹದಿನಾರರ ಹುಡುಗಿಗೆ ತನ್ನ ಮನೆಯ ಬಡತನವನ್ನು ಇಡೀ ಸಭಾಗೃಹದ ಮುಂದೆ ತೋರಿಸಿಕೊಳ್ಳುವುದು ಇಷ್ಟವಿಲ್ಲದಿರಬಹುದು.

ಆಯ್ಕೆಯಾಗದವರಿಗೆ ಕಾರಣ ಸಹಿತ ಎರಡು ಸಾಲಿನ ಪತ್ರ ಹೋಗಲಿ. ಅಂಕಪಟ್ಟಿ, ಮನೆಭೇಟಿಯ ವರದಿ, ಠರಾವು ಎಲ್ಲವೂ ಕಡತದಲ್ಲಿರಲಿ. ಮಹಾರಾಷ್ಟ್ರದಲ್ಲಿ ಸೊಸೈಟಿಯಾಗಿ ನೋಂದಾಯಿತವಾದ ಸಂಘವೂ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಗೆ ಒಳಪಡುತ್ತದೆ. ಲೆಕ್ಕ ಪರಿಶೋಧಕರು ವಿದ್ಯಾರ್ಥಿವೇತನದ ಖರ್ಚಿಗೆ ಆಧಾರ ಕೇಳಿದಾಗ ಬರೀ ಫೋಟೋ ಆಲ್ಬಮ್ ತೋರಿಸಿದರೆ ಸಾಲದು. ತೆರಿಗೆ ವಿನಾಯಿತಿ ಬೇಕಾದರೆ ವರ್ಷದ ಆದಾಯದ ಶೇಕಡಾ 85ರಷ್ಟನ್ನಾದರೂ ಉದ್ದೇಶಕ್ಕೆ ಬಳಸಬೇಕಾಗುತ್ತದೆ; ಹೆಚ್ಚು ಉಳಿಸುವುದಿದ್ದರೆ ನಿಗದಿತ ನಮೂನೆಯಲ್ಲಿ ಮೊದಲೇ ತಿಳಿಸಬೇಕು.

ಪ್ರಶ್ನೆ: ನಾವು ಪುಣೆಯ ಪಿಂಪರಿಯಲ್ಲಿದ್ದೇವೆ. ಶೇಕಡಾ 88 ಪಡೆದ ನನ್ನ ಮಗಳಿಗೆ ಟ್ರಸ್ಟೊಂದು ವಿದ್ಯಾರ್ಥಿವೇತನ ನಿರಾಕರಿಸಿತು, ಅವಳದೇ ತರಗತಿಯ 71 ಅಂಕದವಳಿಗೆ ಕೊಟ್ಟಿತು. ಇದು ಅನ್ಯಾಯವಲ್ಲವೇ?

ಉತ್ತರ: ಅಮ್ಮಾ, ಅಂಕ ನೋಡಿ ಮಾತ್ರ ಹೇಳಲಾಗದು. ಆ ವೇತನ ಪ್ರತಿಭೆಗೆ ಕೊಡುವ ಬಹುಮಾನವೋ, ಕಷ್ಟಕ್ಕೆ ಕೊಡುವ ಆಸರೆಯೋ ಎಂಬುದನ್ನು ಮೊದಲು ತಿಳಿಯಿರಿ. ಎರಡನೆಯದಾದರೆ 71 ಪಡೆದವಳ ಮನೆಯ ಸ್ಥಿತಿ ನಿಮ್ಮದಕ್ಕಿಂತ ಬಿಗಿಯಾಗಿದ್ದಿರಬಹುದು. ಆಯ್ಕೆಯ ಮಾನದಂಡವನ್ನೂ ನಿಮ್ಮ ಮಗಳಿಗೆ ಬಂದ ಅಂಕವನ್ನೂ ತಿಳಿಸಿರೆಂದು ಟ್ರಸ್ಟಿಗೆ ವಿನಯದಿಂದ ಪತ್ರ ಬರೆಯಿರಿ. ಆ ಇನ್ನೊಬ್ಬ ಹುಡುಗಿಯ ವಿವರ ಮಾತ್ರ ಕೇಳಬೇಡಿ, ಅದನ್ನು ಕೊಡಲು ಅವರಿಗೆ ಹಕ್ಕೂ ಇಲ್ಲ. ಉತ್ತರವೇ ಬರದಿದ್ದರೆ ಅಥವಾ ಮಾನದಂಡವೇ ಇಲ್ಲವೆಂದು ಗೊತ್ತಾದರೆ ಆಗ ನಿಮ್ಮ ಅನುಮಾನಕ್ಕೆ ಅರ್ಥವಿದೆ. ಈ ನಡುವೆ ರಾಜ್ಯ ಸರ್ಕಾರದ ಮಹಾಡಿಬಿಟಿ ಜಾಲತಾಣದಲ್ಲಿ ಯೋಜನೆಗಳನ್ನು ನೋಡಿ. ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 8 ಲಕ್ಷ, ರಾಜ್ಯದ ಅಧಿವಾಸ ಪ್ರಮಾಣಪತ್ರ ಬೇಕಾಗುತ್ತದೆ. ಮಗಳು ಮುಂದೆ ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೆ ಹೋಗುವುದಾದರೆ 1892ರಲ್ಲಿ ಮುಂಬಯಿಯಲ್ಲಿ ಆರಂಭವಾದ ಜೆ. ಎನ್. ಟಾಟಾ ದತ್ತಿಯನ್ನು ನೆನಪಿಡಿ. ಅದು ಕೊಡುವುದು ಸಾಲರೂಪದ ವಿದ್ಯಾರ್ಥಿವೇತನ: ಓದಿ ದುಡಿಯತೊಡಗಿದವರು ಮರಳಿಸಿದ ಹಣ ಮತ್ತೊಬ್ಬರ ಓದಿಗೆ ಹೋಗುತ್ತದೆ. ನಮ್ಮ ತುಮಕೂರಿನ ವಿಜ್ಞಾನಿ ರಾಜಾ ರಾಮಣ್ಣ ಅದರ ನೆರವಿನಿಂದಲೇ ಲಂಡನ್ನಿಗೆ ಹೋಗಿ ಓದಿದವರು.

ಪ್ರಶ್ನೆ: ವಾಸ್ಕೋದಲ್ಲಿ ನೆಲೆಸಿರುವ ನಾನು ತೀರಿಹೋದ ನಮ್ಮ ತಂದೆಯವರ ಹೆಸರಿನಲ್ಲಿ ಮುಂಬಯಿಯ ಸಂಸ್ಥೆಯೊಂದರಲ್ಲಿ ದತ್ತಿನಿಧಿ ಇಡಬೇಕೆಂದಿದ್ದೇನೆ. ನಮ್ಮ ಜಾತಿಯ ಮಕ್ಕಳಿಗಷ್ಟೇ ಕೊಡಬೇಕೆಂಬ ಷರತ್ತು ಹಾಕಬಹುದೇ? ಅರ್ಧ ಹಣ ಅಮೆರಿಕದಲ್ಲಿರುವ ಮಗ ಕಳಿಸುತ್ತಾನೆ.

ಉತ್ತರ: ಸಂಸ್ಥೆ ಒಪ್ಪಿದರೆ ಷರತ್ತು ಹಾಕಬಹುದು, ಆದರೆ ಸಂಸ್ಥೆ ಒಪ್ಪಲಾರದು, ಒಪ್ಪಬಾರದು ಕೂಡ. 1962ರ ಏಪ್ರಿಲ್ ನಂತರ ಹುಟ್ಟಿದ ಧರ್ಮಾರ್ಥ ಟ್ರಸ್ಟು ಒಂದು ಜಾತಿ ಅಥವಾ ಒಂದು ಧರ್ಮದವರ ಲಾಭಕ್ಕೆಂದೇ ಇದ್ದರೆ ತೆರಿಗೆ ವಿನಾಯಿತಿ ಸಿಗದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವುದನ್ನು ಕಾನೂನು ಈ ನಿರ್ಬಂಧದಿಂದ ಹೊರಗಿಟ್ಟಿದೆ. ‘ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ’, ‘ಹೋಟೆಲ್ ಕಾರ್ಮಿಕರ ಮಕ್ಕಳಿಗೆ’ ಎಂದು ಬರೆದರೆ ನಿಮ್ಮ ತಂದೆಯವರ ಬದುಕಿನ ನೆನಪೂ ಉಳಿಯುತ್ತದೆ, ಕಾನೂನಿನ ತಕರಾರೂ ಇರುವುದಿಲ್ಲ. ಮಗ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದು, ತನ್ನ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅವನು ಅಮೆರಿಕದ ಪೌರನಾಗಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆ ಸಂಸ್ಥೆಗೆ ವಿದೇಶಿ ದೇಣಿಗೆ ಪಡೆಯಲು ಕೇಂದ್ರದ ಎಫ್‌ಸಿಆರ್‌ಎ ಅನುಮತಿ ಇರಬೇಕು ಮತ್ತು ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಅದರ ಖಾತೆಗೇ ಬರಬೇಕು. ಅನುಮತಿ ಇಲ್ಲದ ಸಂಸ್ಥೆಯಾದರೆ ನಿಮ್ಮ ಪಾಲಿನಿಂದಲೇ ದತ್ತಿ ಆರಂಭಿಸಿ. ದತ್ತಿಪತ್ರದಲ್ಲಿ ಇನ್ನೊಂದು ಸಾಲು ಸೇರಿಸುವುದನ್ನು ಮರೆಯಬೇಡಿ: ಬಡ್ಡಿಯ ಮೊತ್ತ ಮುಂದೊಂದು ದಿನ ಒಬ್ಬ ವಿದ್ಯಾರ್ಥಿಗೂ ಸಾಲದಾದಾಗ ಅದನ್ನು ಇತರ ಸಣ್ಣ ದತ್ತಿಗಳೊಂದಿಗೆ ಕೂಡಿಸಿ ಕೊಡುವ ಅಧಿಕಾರ ಸಂಸ್ಥೆಗಿರಲಿ. ಆ ಸಾಲು ಇಲ್ಲದ ಕಾರಣಕ್ಕೆ, ಐವತ್ತು ವರ್ಷದ ಹಿಂದೆ ಯಾರೋ ಅಕ್ಕರೆಯಿಂದ ಇಟ್ಟ 5,000 ರೂಪಾಯಿಯ ದತ್ತಿಯಿಂದ ಇವತ್ತಿಗೂ ವರ್ಷಕ್ಕೊಬ್ಬ ವಿದ್ಯಾರ್ಥಿಯನ್ನು ವೇದಿಕೆಗೆ ಕರೆದು, ಹಾರ ಹಾಕಿ, 350 ರೂಪಾಯಿಯ ಲಕೋಟೆ ಕೊಡುತ್ತಿರುವುದನ್ನು ನಾನು ನೋಡಿದ್ದೇನೆ. ಹಾರಕ್ಕೆ ಬಿದ್ದ ಖರ್ಚು ಸಂಘದ ಇನ್ನೊಂದು ಲೆಕ್ಕದಲ್ಲಿತ್ತು.