ಕೃತಿಸಂಪುಟಕ್ಕೆ ಅಂಕ ಹಾಕುವುದು ಹೇಗೆ?

ಪ್ರಶ್ನೆ: ಒಂಬತ್ತನೇ ತರಗತಿಯ 42 ಮಕ್ಕಳ ಕನ್ನಡ ಬರವಣಿಗೆಯನ್ನು ಕಿರುಪರೀಕ್ಷೆಯ ಬದಲು ಕೃತಿಸಂಪುಟದಿಂದ (ಮಗುವಿನ ಆಯ್ದ ಬರಹಗಳ ಸಂಗ್ರಹ, ಪೋರ್ಟ್‌ಫೋಲಿಯೊ) ಅಳೆಯಬೇಕೆಂದಿದ್ದೇವೆ. ಹಾಳೆಗಳ ಕಟ್ಟು ದಪ್ಪಗಾಯಿತು, ಅಂಕ ಮಾತ್ರ ಎಲ್ಲರಿಗೂ ಒಂದೇ! – ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬರೆದದ್ದನ್ನೆಲ್ಲ ತುಂಬಿದರೆ ಅದು ಕಡತ, ಸಂಪುಟವಲ್ಲ. ವರ್ಷಕ್ಕೆ ಎಂಟು ಬರಹ ಬರೆಸಿ, ನಾಲ್ಕನ್ನು ಮಕ್ಕಳೇ ಆರಿಸಲಿ. ಏಕೆ ಆರಿಸಿದೆನೆಂದು ಅರ್ಧ ಪುಟ ಬರೆಯಲಿ. ಪ್ರತಿ ಬರಹದ ಕರಡು, ತಿದ್ದಿದ ಪ್ರತಿ ಎರಡೂ ದಿನಾಂಕ ಸಹಿತ ಇರಬೇಕು. ತಿದ್ದುಪಡಿಯೆಂದರೆ ಕಾಗುಣಿತ ಸರಿಪಡಿಸುವುದಷ್ಟೇ ಅಲ್ಲ. ಪ್ಯಾರಾ ಸ್ಥಳ ಬದಲಿಸಿದೆಯೇ, ವಿವರ ಸೇರಿದೆಯೇ ನೋಡಿ.

ಗೈಡಿನ ನಕಲು ದೊಡ್ಡ ತಲೆನೋವು. ‘ಪರಿಸರ ಮಾಲಿನ್ಯ’ ಕೊಟ್ಟರೆ ನಕಲೇ ಬರುತ್ತದೆ. ‘ನಿಮ್ಮ ಮನೆಯ ಅಡಿಕೆ ಸುಲಿತ’ ಕೊಡಿ. ನಾಲ್ಕರಲ್ಲಿ ಒಂದನ್ನಾದರೂ ತರಗತಿಯಲ್ಲೇ, 40 ನಿಮಿಷದಲ್ಲಿ ಬರೆಸಿ, ಉಳಿದವುಗಳೊಡನೆ ಹೋಲಿಸಿ.

ವಿಷಯ, ಜೋಡಣೆ, ಭಾಷೆ, ತಿದ್ದುಪಡಿ: ಇವಕ್ಕೆ ತಲಾ 5 ಅಂಕ. 5 ಎಂದರೇನು, 2 ಎಂದರೇನು ಎಂದು ಮೊದಲೇ ಬರೆದಿಡಿ. ಅದಿಲ್ಲದ್ದಕ್ಕೇ ಎಲ್ಲರಿಗೂ ಒಂದೇ ಅಂಕ ಬಿದ್ದಿರುವುದು. ಐದು ಸಂಪುಟಗಳನ್ನು ಇನ್ನೊಬ್ಬ ಶಿಕ್ಷಕರೂ ಪ್ರತ್ಯೇಕವಾಗಿ ನೋಡಲಿ. ಮೂರಕ್ಕಿಂತ ಹೆಚ್ಚು ಅಂಕದ ಅಂತರ ಬಂದರೆ ಮಾನದಂಡವನ್ನೇ ತಿದ್ದಿ.

ಎಸ್ಸೆಸ್ಸೆಲ್ಸಿಯ ಲಿಖಿತ ಪರೀಕ್ಷೆಗೆ ಇದು ಬದಲಿಯಲ್ಲ, ಪೋಷಕರಿಗೆ ಮೊದಲೇ ಹೇಳಿಬಿಡಿ. ಅಂದಹಾಗೆ, ಮಳೆಗಾಲದಲ್ಲಿ ಶಾಯಿ ಪೆನ್ನು ಬೇಡ, ಬಾಲ್‌ಪೆನ್ನೇ ಇರಲಿ.